ಅಳಿದುಹೋಗುವ ಅಡಿಟಿಪ್ಪಣಿಗಳು

ಹುಬ್ಬಳ್ಳಿ-ಧಾರವಾಡಗಳ ನಡುವೆ ದಿನಾಲು ಓಡಾಡುವ ವಾಚಕರಿಗೆ ಸತ್ತೂರಿನ ಗುರುತು ಹೇಳಬೇಕಾಗಿಲ್ಲ. ಚಿಗರಿ ಬಸ್ಸು ಅಲ್ಲಿ ನಿಂತಾಗ ಇಳಿಯುವವರಲ್ಲಿ ರೋಗಿಗಳು, ರೋಗಿಗಳ ಬಂಧುಗಳು, ಬಿಳಿಯ ಕೋಟನ್ನು ತೋಳಿನ ಮೇಲೆ ಹಾಕಿಕೊಂಡ ವಿದ್ಯಾರ್ಥಿಗಳು ಎಲ್ಲರೂ ಇರುವರು. 1986ರಲ್ಲಿ ಅಲ್ಲಿ ದಂತವೈದ್ಯ ಮಹಾವಿದ್ಯಾಲಯವು ಸ್ಥಾಪಿತವಾದಾಗ ಅದು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದಿತು. 1996ರಲ್ಲಿ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಹುಟ್ಟಿದ ಮೇಲೆ ಅದರ ಕೈಗೆ ಹೋಯಿತು. 2003ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವೂ ಬಂದಿತು. 2018ರಲ್ಲಿ ಅಲ್ಲಿಯೇ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವಿಶ್ವವಿದ್ಯಾಲಯವೆಂಬ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಕಟ್ಟಡದ ಒಂದು ಇಟ್ಟಿಗೆಯೂ ಜಾಗ ಬಿಡಲಿಲ್ಲ. ಆದರೆ 32 ವರ್ಷಗಳಲ್ಲಿ ಪ್ರಬಂಧಗಳ ಮೇಲಿನ ವಿಶ್ವವಿದ್ಯಾಲಯದ ಹೆಸರು ಮೂರು ಆದವು. ಇದರ ನಡುವೆ 2014ರ ನವೆಂಬರ 1ರಂದು 'ಹುಬ್ಳಿ'ಯು ಸರಕಾರದ ಇಂಗ್ಲಿಷ್ ಕಾಗದಗಳಲ್ಲಿಯೂ 'ಹುಬ್ಬಳ್ಳಿ' ಆಯಿತು. ಕಾಗದಗಳ ಮೇಲೆ ಮಂಜುಶ್ರೀ ನಗರವೆಂದು ಬರೆಯುವರು. ಜನರು ಸತ್ತೂರ ಎನ್ನುವರು. ಇಷ್ಟಾದರೂ ನಮ್ಮ ಅಂಚೆಯವನಿಗೆ ಎಂದೂ ದಾರಿ ತಪ್ಪಿಲ್ಲ. ಅವನು ಮನುಷ್ಯನು, ಹಳೆಯ ಹೆಸರನ್ನೂ ಹೊಸ ಹೆಸರನ್ನೂ ಒಟ್ಟಿಗೆ ಬಲ್ಲನು. ಕಂಪ್ಯೂಟರಿಗೆ ಈ ದಾಕ್ಷಿಣ್ಯವಿಲ್ಲ. ಅಂತರಜಾಲದ ವಿಳಾಸದಲ್ಲಿ ಒಂದು ಚುಕ್ಕೆ ಹೆಚ್ಚುಕಡಿಮೆಯಾದರೂ ಅದು '404' ಎಂಬ ಸಂಖ್ಯೆಯನ್ನು ತೋರಿಸಿ ಬಾಗಿಲು ಮುಚ್ಚುವದು.

ಈ ಮಾತನ್ನು ಎತ್ತುವದಕ್ಕೆ ಕಾರಣವುಂಟು. ಕೆಲವು ವಾರಗಳ ಹಿಂದೆ ಸತ್ತೂರಿನಲ್ಲಿ ಮನೆ ಮಾಡಿಕೊಂಡಿರುವ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯು ನಮ್ಮ ಕಚೇರಿಗೆ ಬಂದಳು. ಈ ಅವಳಿ ನಗರಗಳ ಹಳೆಯ ಜಲಾಶ್ರಯಗಳ ಮೇಲೆ ಅವಳು ಪ್ರಬಂಧ ಬರೆದಿರುವಳು. ನಮ್ಮ ಪತ್ರಿಕೆಯಲ್ಲಿ ಹಿಂದೆ ಬಂದ ನಾಲ್ಕು ಲೇಖನಗಳನ್ನು ಆಧಾರವಾಗಿ ಕೊಟ್ಟು, ಅಡಿಟಿಪ್ಪಣಿಯಲ್ಲಿ ಜಾಲತಾಣದ ವಿಳಾಸಗಳನ್ನು ಬರೆದಿದ್ದಳು. ಪರೀಕ್ಷಕರು ಒಂದೊಂದನ್ನೂ ಒತ್ತಿ ನೋಡಿದರಂತೆ, ಒಂದೂ ತೆರೆಯಲಿಲ್ಲ. ಪ್ರಬಂಧದ ಅಂಚಿನಲ್ಲಿ 'ಆಧಾರ ದೊರೆಯಲಿಲ್ಲ' ಎಂದು ಬರೆದು ಹಿಂದಿರುಗಿಸಿದರು. ಅವರದು ತಪ್ಪೆನ್ನುವಂತಿಲ್ಲ, ಆಧಾರವನ್ನು ಕಣ್ಣಾರೆ ಕಾಣದೆ ಸಹಿ ಹಾಕುವ ಪರೀಕ್ಷಕರಿಂದಲೇ ನಮ್ಮ ವಿದ್ಯಾಪೀಠಗಳಿಗೆ ಕೆಟ್ಟ ಹೆಸರು ಬಂದಿರುವದು. ಆ ಹುಡುಗಿ ನಮ್ಮ ಮೇಜಿನ ಮುಂದೆ ನಿಂತು, "ಸರ್, ನಿಮ್ಮ ಪೇಪರಿನ್ಯಾಗ ಬಂದದ್ದನ್ನ ನಾ ಬರದೇನ್ರಿ, ಈಗ ನಾನಽ ಸುಳ್ಳು ಹೇಳಿಧಾಂಗ ಆಗೇದ್ರಿ" ಎಂದಳು.

ನಮಗೆ ಉತ್ತರ ತೋಚಲಿಲ್ಲ. ಏಕೆಂದರೆ ತಪ್ಪು ನಮ್ಮದೇ. ಹತ್ತು-ಹನ್ನೆರಡು ವರ್ಷಗಳಲ್ಲಿ ನಾವು ಪತ್ರಿಕೆಯ ಜಾಲತಾಣವನ್ನು ಮೂರು ಸಲ ಹೊಸದಾಗಿ ಕಟ್ಟಿಸಿದೆವು. ಪ್ರತಿ ಸಲವೂ ಬೇರೆ ಬೇರೆ ಗುತ್ತಿಗೆದಾರರು. ಪ್ರತಿ ಸಲವೂ ತಾಣವು ಮೊದಲಿಗಿಂತ ಚೆಂದವಾಯಿತೆಂದು ಎಲ್ಲರೂ ಹೊಗಳಿದರು. ಹಳೆಯ ಲೇಖನಗಳ ವಿಳಾಸಗಳು ಏನಾದವೆಂದು ನಾವು ಕೇಳಲಿಲ್ಲ; ಕೇಳದ್ದನ್ನು ಅವರು ಹೇಳಲಿಲ್ಲ. ಮನೆ ಬಿಟ್ಟು ಹೋಗುವವನು ಬಾಗಿಲಿಗೆ ಹೊಸ ವಿಳಾಸದ ಚೀಟಿಯನ್ನಾದರೂ ಅಂಟಿಸುವನು. ನಾವು ಅಷ್ಟನ್ನೂ ಮಾಡಲಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲವೆಂಬದನ್ನು ವಿಚಾರಿಸಿದ ಮೇಲೆ ತಿಳಿದೆವು. ಅಮೆರಿಕದ ಹಾರ್ವರ್ಡ್ ವಿದ್ಯಾಪೀಠದ ನ್ಯಾಯಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಶೋಧನೆಯಂತೆ, ಅಲ್ಲಿಯ ನ್ಯಾಯಶಾಸ್ತ್ರದ ಪತ್ರಿಕೆಗಳಲ್ಲಿ ಕೊಟ್ಟ ಜಾಲವಿಳಾಸಗಳಲ್ಲಿ ಶೇಕಡಾ 70ಕ್ಕಿಂತ ಹೆಚ್ಚಿನವು ಲೇಖಕನು ಕಂಡ ವಿಷಯವನ್ನು ಈಗ ತೋರಿಸುತ್ತಿರಲಿಲ್ಲ. ಆ ದೇಶದ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳಲ್ಲಿದ್ದ ವಿಳಾಸಗಳಲ್ಲಿ ಅರ್ಧದಷ್ಟು ಅದೇ ಗತಿಯನ್ನು ಹೊಂದಿದ್ದವು. ತೀರ್ಪು ಜಾರಿಯಲ್ಲಿದೆ, ಅದರ ಆಧಾರವಿಲ್ಲ! ಅದೇ ವರ್ಷ ವಿಜ್ಞಾನ-ವೈದ್ಯಕೀಯಗಳ ಲಕ್ಷಾಂತರ ಲೇಖನಗಳನ್ನು ಪರೀಕ್ಷಿಸಿದ ಬೇರೊಂದು ತಂಡವು, ಐದು ಲೇಖನಗಳಿಗೆ ಒಂದರಂತೆ ಈ ರೋಗ ತಗಲಿದೆಯೆಂದೂ, ಜಾಲವಿಳಾಸಗಳನ್ನು ಉಪಯೋಗಿಸಿದ ಲೇಖನಗಳನ್ನಷ್ಟೇ ಹಿಡಿದರೆ ಹತ್ತಕ್ಕೆ ಏಳು ರೋಗಗ್ರಸ್ತವೆಂದೂ ಕಂಡಿತು. 2013ರಲ್ಲಿದ್ದ ಜಾಲಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷ ಕಳೆಯುವದರೊಳಗಾಗಿ ಇಲ್ಲವಾದವೆಂದು ಅಮೆರಿಕದ ಪ್ಯೂ ಸಂಸ್ಥೆಯು 2024ರಲ್ಲಿ ಲೆಕ್ಕ ಕೊಟ್ಟಿತು. ನಮ್ಮ ನಾಡಿನಲ್ಲಿಯೂ ಇದನ್ನು ಗಮನಿಸಿದವರಿಲ್ಲದಿಲ್ಲ. ತುಮಕೂರು ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನ ವಿಭಾಗದ ಬಿ. ಟಿ. ಸಂಪತ್ ಕುಮಾರ್ ಮತ್ತು ಅವರ ಶಿಷ್ಯರು 2012ರಿಂದೀಚೆಗೆ ಜಾಲವಿಳಾಸಗಳ ಆಯುಷ್ಯವನ್ನೇ ಅಳೆದು ಹಲವು ಲೇಖನಗಳನ್ನು ಹೊರದೇಶದ ಪತ್ರಿಕೆಗಳಲ್ಲಿ ಪ್ರಕಟಿಸಿರುವರು. ಊರಿನ ವೈದ್ಯನ ಮಾತನ್ನು ಊರವರೇ ಕೇಳದಿರುವದು ಹೊಸದಲ್ಲ.

ವಿಳಾಸವೇಕೆ ಸಾಯುವದು? ಕಾರಣಗಳು ಬಹಳ ಸಾಮಾನ್ಯವಾದವು. ಜಾಲತಾಣದ ಹೆಸರು ಯಾರ ಸ್ವಂತದ್ದೂ ಅಲ್ಲ. ಅದು ವರ್ಷ-ವರ್ಷಕ್ಕೆ ಹಣ ಕಟ್ಟಿ ಇಟ್ಟುಕೊಳ್ಳುವ ಗುತ್ತಿಗೆ. ಹಣ ಕಟ್ಟುವ ಗುಮಾಸ್ತನು ನಿವೃತ್ತನಾದನೆಂದರೆ ಗುತ್ತಿಗೆ ತೀರಿತು. ಆ ಹೆಸರನ್ನು ಜೂಜಿನ ಅಂಗಡಿಯವರು ಹಿಡಿದುಕೊಳ್ಳುವದೂ ಉಂಟು. ಇನ್ನು ಹೆಸರು ಉಳಿದರೂ, ಒಳಗಿನ ಕಪಾಟುಗಳನ್ನು ಹೊಸ ತಂತ್ರಾಂಶಕ್ಕೆ ತಕ್ಕಂತೆ ತಿರುಗಿಸಿಟ್ಟರೆ ಹಳೆಯ ದಾರಿ ಗೋಡೆಗೆ ಹೋಗಿ ಮುಟ್ಟುವದು. ಮೂರನೆಯದು ಎಲ್ಲಕ್ಕೂ ಕೆಟ್ಟದ್ದು: ವಿಳಾಸ ತೆರೆಯುವದು, ಪುಟವೂ ಕಾಣುವದು, ಆದರೆ ಒಳಗಿನ ಮಾತು ಬದಲಾಗಿರುವದು. ಇಲಾಖೆಯ ಪುಟದಲ್ಲಿ ಕಳೆದ ವರ್ಷದ ಅಂಕಿಗಳಿದ್ದ ಜಾಗದಲ್ಲಿ ಈ ವರ್ಷದವು ಕುಳಿತಿರುವವು. ಆಧಾರ ನೋಡಹೋದವನಿಗೆ ಸಂಶೋಧಕನೇ ಅಂಕಿಗಳನ್ನು ತಿದ್ದಿದಂತೆ ತೋರುವದು. ಮುರಿದ ಕೊಂಡಿಯು ತಾನು ಮುರಿದಿರುವೆನೆಂದಾದರೂ ಹೇಳುವದು.

ಕನ್ನಡಿಗರಿಗೆ ಇದರ ಮೇಲೆ ಇನ್ನೊಂದು ತೊಡಕು. ಜಾಲವಿಳಾಸದಲ್ಲಿ ಕನ್ನಡ ಅಕ್ಷರ ಬಂದರೆ ಕಂಪ್ಯೂಟರು ಅದನ್ನು ಸಂಕೇತಗಳಾಗಿ ಒಡೆದು ಬರೆಯುವದು. ಒಂದು 'ಕ'ಕಾರಕ್ಕೆ ಒಂಬತ್ತು ಗುರುತುಗಳು, ಅದರ ದೀರ್ಘಕ್ಕೆ ಬೇರೆ ಒಂಬತ್ತು. 'ಧಾರವಾಡ' ಎಂಬ ನಾಲ್ಕಕ್ಷರದ ಊರು ಹೀಗೆ 54 ಗುರುತುಗಳ ಸಾಲಾಗುವದು. ಅಚ್ಚಿನ ಪುಟದಲ್ಲಿ ಈ ಸಾಲು ಹಿಡಿಸದೆ ಮುರಿಯುವದು. ಮುರಿದಲ್ಲಿ ಮೊಳೆ ಜೋಡಿಸುವವನು ಅಭ್ಯಾಸಬಲದಿಂದ ಒಂದು ಅಡ್ಡಗೆರೆ ಹಾಕುವನು. ಅಲ್ಲಿಗೆ ಆ ವಿಳಾಸದ ಆಯುಷ್ಯ ತೀರಿತು. (ಮೊಳೆ ಜೋಡಿಸುವವನು ಎಂದು ಬರೆದೆವು, ಈಗ ಆ ಕೆಲಸವನ್ನು ತಂತ್ರಾಂಶವೇ ಮಾಡುವದು, ಅಭ್ಯಾಸ ಮಾತ್ರ ಹಾಗೆಯೇ ಉಳಿದಿದೆ.) ಯುನಿಕೋಡಿಗೆ ಮೊದಲಿನ ಅಕ್ಷರವಿನ್ಯಾಸಗಳಲ್ಲಿ ಬರೆದ ಪುಟಗಳಂತೂ, ವಿಳಾಸ ಸರಿಯಿದ್ದರೂ, ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಬೀಳುವವು.

ಕನ್ನಡ ವಿದ್ವತ್ತಿಗೆ ಈ ಬಾಬತ್ತಿನಲ್ಲಿ ತಗಲಿದ ದೊಡ್ಡ ಪೆಟ್ಟು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೊತೆಗೂಡಿ ಈ ಶತಮಾನದ ಆರಂಭದಲ್ಲಿ ಕೈಗೊಂಡ ಆ ಮಹತ್ಕಾರ್ಯದಲ್ಲಿ ಲಕ್ಷಗಟ್ಟಲೆ ಪುಸ್ತಕಗಳ ಬಿಂಬಗಳನ್ನು ತೆಗೆದರು; ಅವುಗಳಲ್ಲಿ ಕನ್ನಡದವು ಸಾವಿರಾರು. ಊರೂರಿನ ವಾಚನಾಲಯಗಳಲ್ಲಿ ಗೆದ್ದಲು ತಿನ್ನುತ್ತಿದ್ದ ಹೊತ್ತಗೆಗಳು ಮನೆಯಲ್ಲಿ ಕುಳಿತವನಿಗೆ ದೊರೆತವು. ಹಳ್ಳಿಯ ಶಾಲಾಮಾಸ್ತರರೂ ಸಂಶೋಧನೆಗೆ ಕೈ ಹಾಕುವಂತಾಯಿತು. ಅಡಿಟಿಪ್ಪಣಿಗಳಲ್ಲಿ ಆ ತಾಣದ ವಿಳಾಸವು ಧಾರಾಳವಾಗಿ ಬರತೊಡಗಿತು. ಬಳಿಕ ಸುಮಾರು 2017ರ ಹೊತ್ತಿಗೆ ಆ ತಾಣವು ಮುಚ್ಚಿಕೊಂಡಿತು. ಅದನ್ನು ನೆಚ್ಚಿ ಬರೆದ ಅಡಿಟಿಪ್ಪಣಿಗಳೆಲ್ಲ ಒಮ್ಮೆಲೆ ಕುರುಡಾದವು. ಕಾರ್ಲ್ ಮಾಲಮೂಡ್ ಎಂಬ ಅಮೆರಿಕನ್ ಗೃಹಸ್ಥರು ಮುಂಚಿತವಾಗಿಯೇ ಅದರ ಬಹುಭಾಗವನ್ನು ಸಾನ್ ಫ್ರಾನ್ಸಿಸ್ಕೋದ ಇಂಟರ್ನೆಟ್ ಆರ್ಕೈವ್ ಭಂಡಾರಕ್ಕೆ ನಕಲು ಮಾಡಿಸದೆ ಇದ್ದಿದ್ದರೆ ಆ ಪುಸ್ತಕಗಳ ದರ್ಶನವು ಎಷ್ಟೋ ಜನರಿಗೆ ತಪ್ಪಿಹೋಗುತ್ತಿತ್ತು. ನಮ್ಮ ಹಣದಿಂದ, ನಮ್ಮ ಗ್ರಂಥಾಲಯಗಳ ಪುಸ್ತಕಗಳಿಂದ, ನಮ್ಮ ಹುಡುಗರ ಕೈಯಿಂದ ಆದ ಕೆಲಸವನ್ನು ನೋಡಲು ಇಂದು ನಾವು ಸಮುದ್ರದಾಚೆಯ ಬಾಗಿಲನ್ನು ತಟ್ಟಬೇಕಾಗಿದೆ. ತಾಳೆಯೋಲೆಗಳೂ ತಾಮ್ರಪಟಗಳೂ ಲಂಡನ್ನಿಗೆ ಹೋದವೆಂದು ನಮ್ಮ ಹಿರಿಯರು ಮರುಗಿದರು. ಅವುಗಳನ್ನು ಒಯ್ದವರಾದರೂ ಪರಕೀಯರಿದ್ದರು. ಇಲ್ಲಿ ನಾವು ಕೈಬಿಟ್ಟದ್ದನ್ನು ಪರಕೀಯನು ಎತ್ತಿಟ್ಟುಕೊಂಡನು. ಅವನಿಗೆ ಕೃತಜ್ಞತೆ ಹೇಳುವಾಗ ತಲೆ ತಗ್ಗಿಸಿಯೇ ಹೇಳಬೇಕಾಗಿದೆ.

ಇದರಲ್ಲಿ ಒಂದು ಸಣ್ಣ ಸಂಗತಿಯು ನಮಗೆ ಬಹಳ ಬೋಧಪ್ರದವಾಗಿ ತೋರಿತು. ಆ ತಾಣದಲ್ಲಿ ಪ್ರತಿಯೊಂದು ಪುಸ್ತಕಕ್ಕೂ ಒಂದು ಸಂಖ್ಯೆಯಿದ್ದಿತು. ಅಮೆರಿಕಕ್ಕೆ ಹೋದ ನಕಲಿನಲ್ಲಿ ಅದೇ ಸಂಖ್ಯೆಯನ್ನು ಹಾಗೆಯೇ ಹೆಸರಾಗಿ ಉಳಿಸಿಕೊಂಡಿರುವರು. ಆದದ್ದರಿಂದ ಸಂಖ್ಯೆಯನ್ನು ಗುರುತು ಮಾಡಿಕೊಂಡ ಸಂಶೋಧಕನಿಗೆ ಪುಸ್ತಕವು ಇಂದಿಗೂ ಕ್ಷಣಾರ್ಧದಲ್ಲಿ ಸಿಕ್ಕುವದು; 'ಇಂಥ ತಾಣದಿಂದ' ಎಂದಷ್ಟೇ ಬರೆದವನು ತಪ್ಪುತಪ್ಪಾಗಿ ರೋಮನ್ ಲಿಪಿಗಿಳಿಸಿದ ಶೀರ್ಷಿಕೆಗಳ ಕಾಡಿನಲ್ಲಿ ಅಲೆಯಬೇಕು. ತಾಣವು ಸತ್ತಿತು, ಸಂಖ್ಯೆ ಬದುಕಿತು.

ಈ ತತ್ತ್ವವು ನಮಗೆ ಹೊಸದಲ್ಲ. ರೈಸ್ ಸಾಹೇಬರು 1886ರಿಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಹೊರಡಿಸಿದಾಗ ಶಾಸನಗಳಿಗೆ ತಾಲೂಕುವಾರು ಸಂಖ್ಯೆ ಹಾಕಿದರು. ಏಳನೆಯ ಸಂಪುಟ, ಶಿಕಾರಿಪುರ ತಾಲೂಕು, 176 ಎಂದರೆ ತಾಳಗುಂದದ ಸ್ತಂಭಶಾಸನವೆಂದು ಶತಮಾನಕ್ಕೂ ಮಿಕ್ಕಿ ಕಾಲದಿಂದ ಎಲ್ಲ ವಿದ್ವಾಂಸರಿಗೂ ಗೊತ್ತು. ಮದ್ರಾಸಿನಲ್ಲಿ ಓದಿದರೂ ಅದೇ, ಮಾಸ್ಕೋದಲ್ಲಿ ಓದಿದರೂ ಅದೇ. ನಮ್ಮ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯು 1939ರಲ್ಲಿ ಸ್ಥಾಪಿತವಾಗಿ, ಪಂಚಮುಖಿಯವರ ಸಂಪಾದಕತ್ವದಲ್ಲಿ 1941ರಲ್ಲಿ 'ಕರ್ನಾಟಕ ಇನ್‌ಸ್ಕ್ರಿಪ್ಷನ್ಸ್' ಮೊದಲ ಸಂಪುಟವನ್ನು ಹೊರತಂದಿತು. ಅದರ ಸಂಖ್ಯೆಗಳೂ ಇಂದು ಹಾಗೆಯೇ ನಡೆಯುತ್ತವೆ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವು 1843ರಲ್ಲಿ ಮಂಗಳೂರಿನಲ್ಲಿ ಹುಟ್ಟಿ ಮರುವರ್ಷವೇ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಊರೂ ಬದಲು, ಹೆಸರೂ ಬದಲು. ಆದರೂ ತಾರೀಖು ಹೇಳಿದರೆ ಸಂಚಿಕೆಯನ್ನು ಗುರುತಿಸಬಹುದು.

ಕಂದಾಯ ಇಲಾಖೆಯ ವಾಚಕರಿಗೆ ಇದನ್ನು ಬೇರೆ ರೀತಿಯಿಂದ ಹೇಳಬಹುದು. ಹೊಲವು ಮಾರಾಟವಾಗುವದು, ವಾಟಣಿಯಾಗುವದು, ಒಡೆಯನು ಸಾಯುವನು. ಪ್ರತಿ ಸಲವೂ ವರ್ದಿ ಹೋಗಿ ಉತಾರದಲ್ಲಿ ಹೆಸರು ಬದಲಾಗುವದು. ಸರ್ವೆ ನಂಬರು ಮಾತ್ರ ನಿಲ್ಲುವದು. ತುಂಡಾದರೆ ಹಿಸ್ಸಾ ನಂಬರು ಹತ್ತುವದೇ ಹೊರತು ಮೂಲವು ಅಳಿಯುವದಿಲ್ಲ. ಅಂತರಜಾಲದ ಪಂಡಿತರು ಕಂಡುಹಿಡಿದ ಉಪಾಯವೂ ಇದೇ. ಲೇಖನಕ್ಕೆ ಒಂದು ಶಾಶ್ವತ ಸಂಖ್ಯೆ. ಆ ಸಂಖ್ಯೆಯ ಎದುರು ಸದ್ಯದ ವಿಳಾಸವನ್ನು ಬರೆದಿಡುವ ಒಂದು ದಫ್ತರ. ತಾಣ ಬದಲಾದಾಗ ದಫ್ತರದಲ್ಲಿ ಒಂದು ಸಾಲು ತಿದ್ದಿದರೆ ಜಗತ್ತಿನ ಎಲ್ಲ ಅಡಿಟಿಪ್ಪಣಿಗಳೂ ತಾವಾಗಿಯೇ ಸರಿಹೋಗುವವು. ಡಿ.ಓ.ಐ. ಎಂದೂ ಹ್ಯಾಂಡಲ್ ಎಂದೂ ಕರೆಯುವದು ಇದನ್ನೇ. 2009ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಸಂಶೋಧನ ಪ್ರಬಂಧಗಳ ಡಿಜಿಟಲ್ ಪ್ರತಿಯನ್ನು ಒಪ್ಪಿಸಬೇಕೆಂದು ನಿಯಮ ಮಾಡಿದ ಮೇಲೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ನಡೆಸುತ್ತಿರುವ 'ಶೋಧಗಂಗಾ'ದಲ್ಲಿ ಪ್ರತಿಯೊಂದು ಪ್ರಬಂಧಕ್ಕೂ ಇಂಥ ಹ್ಯಾಂಡಲ್ ಸಂಖ್ಯೆಯುಂಟು. ಇದು ಸ್ತುತ್ಯವಾದ ಕೆಲಸ. ಆದರೆ ಪ್ರಬಂಧದ ಸಂಖ್ಯೆ ಸ್ಥಿರವಾದ ಮಾತ್ರಕ್ಕೆ ಪ್ರಬಂಧದ ಹೊಟ್ಟೆಯೊಳಗಿರುವ ವಿಳಾಸಗಳು ಸ್ಥಿರವಾಗವು. ಬೀರು ಭದ್ರವಾಗಿದೆ, ಒಳಗಿನ ಕಾಗದಗಳಿಗೆ ಹುಳು ಹತ್ತಿದೆ.

ಶಾಶ್ವತ ಸಂಖ್ಯೆಯೂ ಮಂತ್ರವಲ್ಲ. ದಫ್ತರದ ಸಾಲನ್ನು ಯಾರೂ ತಿದ್ದದಿದ್ದರೆ ಅದೂ ಕುರುಡೇ; ಪತ್ರಿಕೆಯೇ ನಿಂತು ಅದರ ಪ್ರತಿಯನ್ನು ಎಲ್ಲಿಯೂ ಇಡದಿದ್ದರೆ ಸಂಖ್ಯೆಯು ಬರಿಯ ಗೋರಿಕಲ್ಲು. 2024ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ಡಿ.ಓ.ಐ. ಸಂಖ್ಯೆಯಿದ್ದ 70 ಲಕ್ಷಕ್ಕೂ ಹೆಚ್ಚು ಬರಹಗಳನ್ನು ನೋಡಿದಾಗ ಸುಮಾರು 20 ಲಕ್ಷ ಬರಹಗಳಿಗೆ ಯಾವ ದೊಡ್ಡ ಭಂಡಾರದಲ್ಲಿಯೂ ಪ್ರತಿಯಿರುವದು ಕಂಡುಬರಲಿಲ್ಲ. ನಮ್ಮ ಅನೇಕ ಕನ್ನಡ ಸಂಶೋಧನ ಪತ್ರಿಕೆಗಳಿಗಂತೂ ಸಂಖ್ಯೆಯೂ ಇಲ್ಲ, ಪ್ರತಿಯೂ ಇಲ್ಲ. ಸಂಖ್ಯೆ ಪಡೆಯಲು ವರ್ಷಕ್ಕೆ ಡಾಲರಿನಲ್ಲಿ ಹಣ ಕಟ್ಟಬೇಕು. ಚಂದಾದಾರರ ಹಣದಿಂದ ಕಾಗದದ ಬಿಲ್ಲನ್ನೇ ತೀರಿಸಲಾರದ ಸಂಪಾದಕನಿಗೆ ಇದು ಸುಲಭವಲ್ಲವೆಂಬದನ್ನು ನಾವು ಬಲ್ಲೆವು. ಈ ವೆಚ್ಚವನ್ನು ರಾಜ್ಯ ಸರಕಾರವೋ ಕನ್ನಡ ವಿಶ್ವವಿದ್ಯಾಲಯವೋ ಎಲ್ಲ ಕನ್ನಡ ಪತ್ರಿಕೆಗಳ ಪರವಾಗಿ ಒಟ್ಟಿಗೆ ಹೊರಬಾರದೇಕೆ? 2008ರಲ್ಲಿ ಶಾಸ್ತ್ರೀಯ ಭಾಷೆಯೆಂದು ಕನ್ನಡಕ್ಕೆ ಮನ್ನಣೆ ದೊರೆತಾಗ ಪಟಾಕಿ ಹಾರಿಸಿದ ನಾವು, ಆ ಭಾಷೆಯಲ್ಲಿ ಕಳೆದ ವರ್ಷ ಪ್ರಕಟವಾದ ಲೇಖನವನ್ನು ಮುಂದಿನ ವರ್ಷ ಹುಡುಕಿ ತೋರಿಸಲಾರೆವು.

ಸರಕಾರದ ಕಡೆಗೆ ನೋಡೋಣ. ಅಚ್ಚಾದ ಪುಸ್ತಕದ ಪ್ರತಿಯನ್ನು ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯವೇ ಮೊದಲಾದ ಭಂಡಾರಗಳಿಗೆ ಕಳಿಸಬೇಕೆಂದು 1954ರ ಕಾನೂನು ಹೇಳುವದು. 1956ರ ತಿದ್ದುಪಡಿಯಿಂದ ವೃತ್ತಪತ್ರಗಳೂ ಅದರೊಳಗೆ ಬಂದವು. ನಮ್ಮ ಮುದ್ರಿತ ಪತ್ರಿಕೆಯನ್ನು ಕೇಳುವ ಕಾನೂನುಂಟು. ಜಾಲದಲ್ಲಿ ನಾವು ಬರೆದದ್ದನ್ನು ಕೇಳುವವರು ಯಾರೂ ಇಲ್ಲ. ಬ್ರಿಟನ್ನಿನಲ್ಲಿ 2013ರಿಂದ ಜಾಲಪುಟಗಳನ್ನೂ ಕಾನೂನುಬದ್ಧವಾಗಿ ಸಂಗ್ರಹಿಸುವರು. ಕರ್ನಾಟಕ ಸರಕಾರದ ಜ್ಞಾನಕೋಶವಾದ 'ಕಣಜ'ವೂ ತನ್ನ ಮೊದಲಿನ ವಿಳಾಸವನ್ನು ಬಿಟ್ಟು ಸರಕಾರಿ ಜಾಲದೊಳಗೆ ಬಂದಿತು. ಬಂದದ್ದು ಒಳ್ಳೆಯದೇ, ಆದರೆ ಹಳೆಯ ವಿಳಾಸವನ್ನು ಬರೆದುಕೊಂಡವನು ಹೊಸದನ್ನು ತಾನೇ ಹುಡುಕಿಕೊಳ್ಳಬೇಕು. ಇಲಾಖೆಗಳ ತಾಣಗಳು ಬದಲಾಗುವಾಗ ಟೆಂಡರಿನ ಕರಾರಿನಲ್ಲಿ ಒಂದು ಸಾಲನ್ನು ಸೇರಿಸಿದರೆ ಸಾಕು: ಹಳೆಯ ವಿಳಾಸಕ್ಕೆ ಬಂದವನನ್ನು ಹೊಸ ವಿಳಾಸಕ್ಕೆ ಕರೆದೊಯ್ಯುವ ಏರ್ಪಾಡು ಮಾಡದೆ ಬಿಲ್ಲು ಪಾಸಾಗುವದಿಲ್ಲ ಎಂದು. ಅದನ್ನು ಮಾಡುವದು ತಜ್ಞರಿಗೆ ಕೆಲವೇ ದಿನಗಳ ಕೆಲಸವೆಂದು ನಮಗೆ ಈಗ ತಿಳಿದಿದೆ. ಈ ಸಾಲನ್ನು ಓದುವ ಅಧಿಕಾರಿಗಳು ನಮ್ಮ ವಾಚಕರಲ್ಲಿಯೇ ಇರುವರು.

'ಎಲ್ಲವೂ ಅಳಿಯುವದು, ಇದೇನು ಹೊಸದು?' ಎಂದು ವೇದಾಂತ ಹೇಳುವವರುಂಟು. ಓಲೆಗಳೂ ಅಳಿದವು, ನಿಜ. ಆದರೆ ವಚನಗಳ ಓಲೆಗಳು ಒಂದೇ ಮನೆಯಲ್ಲಿರಲಿಲ್ಲ. ಮಠಮಠಗಳಲ್ಲಿ, ಮನೆಮನೆಗಳಲ್ಲಿ ನಕಲಾಗಿ ಕುಳಿತಿದ್ದವು. ಅದರಿಂದಲೇ ಧಾರವಾಡದಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತರಲು ಶಕ್ಯವಾಯಿತು. ಇಂದಿನ ಜಾಲಪುಟವೋ, ಸಾವಿರ ಜನ ಓದಿದರೂ ಪ್ರತಿ ಇರುವದು ಒಂದೇ ಕಡೆ. ಅಮೆರಿಕದ ಆ ಭಂಡಾರವು 1996ರಿಂದ ಜಗತ್ತಿನ ಪುಟಗಳ ಬಿಂಬಗಳನ್ನು ಕೂಡಿಸುತ್ತ ಬಂದಿದೆಯೆಂಬದೊಂದೇ ಸಮಾಧಾನ. ಆದರೆ 2024ರ ಅಕ್ಟೋಬರದಲ್ಲಿ ದುಷ್ಕರ್ಮಿಗಳ ದಾಳಿಯಿಂದ ಅದೂ ಕೆಲವು ದಿನ ಮುಚ್ಚಿತ್ತು. ಅದಕ್ಕೂ ಒಂದು ವರ್ಷ ಮೊದಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಗೆ ಅದೇ ವಿಪತ್ತು ಒದಗಿತ್ತು. ಜಗತ್ತಿನ ನೆನಪನ್ನೆಲ್ಲ ಎರಡು-ಮೂರು ಬೀಗಗಳ ಹಿಂದೆ ಇಟ್ಟು ನಿದ್ದೆ ಮಾಡುವದು ಬುದ್ಧಿವಂತಿಕೆಯಲ್ಲ.

ಸಂಶೋಧಕರು ಮಾಡಬಹುದಾದದ್ದೂ ಇದೆ. ಜಾಲವಿಳಾಸವನ್ನು ಬರೆಯುವಾಗ ಲೇಖಕನ ಹೆಸರು, ಲೇಖನದ ಶೀರ್ಷಿಕೆ, ಪತ್ರಿಕೆಯ ತಾರೀಖು, ಪುಟ, ತಾವು ನೋಡಿದ ದಿನ ಇವುಗಳನ್ನು ಬಿಡದೆ ಬರೆಯಲಿ. ನೋಡಿದ ದಿನವೇ ಆ ಪುಟದ ಬಿಂಬವನ್ನು ಭಂಡಾರಕ್ಕೆ ಸೇರಿಸಿ ಅದರ ವಿಳಾಸವನ್ನೂ ಜೊತೆಗಿಡಲಿ, ಇದಕ್ಕೆ ಖರ್ಚಿಲ್ಲ. ಕೆಲಸಕ್ಕೆ ಬಂದ ಪುಟವನ್ನು ಅಚ್ಚು ಹಾಕಿ ಪ್ರಬಂಧಕ್ಕೆ ಅನುಬಂಧವಾಗಿ ಹೊಲಿಸಿದರೆ ಇನ್ನೂ ಉತ್ತಮ. ಪರೀಕ್ಷಕರು ಹಳೆಯ ಕಾಲದವರೆಂದು ನಗಬಹುದು, ನಗಲಿ.

ಆ ವಿದ್ಯಾರ್ಥಿನಿಯ ನಾಲ್ಕು ಲೇಖನಗಳ ವಿಷಯ ಹೇಳುವದು ಉಳಿಯಿತು. ನಮ್ಮ ಕಚೇರಿಯ ಅಟ್ಟದಲ್ಲಿ ರಟ್ಟು ಕಟ್ಟಿಸಿದ ಹಳೆಯ ಸಂಪುಟಗಳಿವೆ. ನಮ್ಮ ಹಿರಿಯ ಗುಮಾಸ್ತರು ಎರಡು ದಿನ ಧೂಳಿನಲ್ಲಿ ಕುಳಿತು ಎರಡು ಲೇಖನಗಳನ್ನು ಹೊರಗೆ ತೆಗೆದರು. ತಾರೀಖು, ಪುಟ, ಅಂಕಣಗಳ ಸಹಿತ ನಾವು ಸಹಿ ಮಾಡಿ ಕೊಟ್ಟ ಪ್ರತಿಗಳನ್ನು ಪರೀಕ್ಷಕರು ಒಪ್ಪಿಕೊಂಡರು. ಮೂರನೆಯದು ಅಚ್ಚಿನಲ್ಲಿ ಬಂದಿರಲಿಲ್ಲ; ಜಾಗದ ಅಭಾವದಿಂದ ಜಾಲತಾಣದಲ್ಲಿ ಮಾತ್ರ ಹಾಕಿದ್ದೆವು. ಅದು ಸಾನ್ ಫ್ರಾನ್ಸಿಸ್ಕೋದ ಭಂಡಾರದಲ್ಲಿ ಸಿಕ್ಕಿತು. ಹುಬ್ಬಳ್ಳಿಯಲ್ಲಿ ಕುಳಿತು ನಾವು ಬರೆದದ್ದನ್ನು ಅಲ್ಲಿಂದ ತರಿಸಿಕೊಂಡು ಓದಿದೆವು. ಈಗ ಹಳೆಯ ವಿಳಾಸಗಳಿಂದ ಹೊಸವಕ್ಕೆ ದಾರಿ ಹಾಕುವ ಕೆಲಸವನ್ನು ಆರಂಭಿಸಿದ್ದೇವೆ. ಪ್ರತಿಯೊಂದು ಲೇಖನಕ್ಕೂ ಇನ್ನು ಮುಂದೆ ಬದಲಾಗದ ಒಂದು ಸಂಖ್ಯೆಯಿರುವದು.

ನಾಲ್ಕನೆಯದು ಎಲ್ಲಿಯೂ ಸಿಗಲಿಲ್ಲ. ಅದು ಸತ್ತೂರಿನ ಸುತ್ತಲಿನ ಹಳೆಯ ಬಾವಿಗಳನ್ನು ಕುರಿತದ್ದು. ಬರೆದವರು ನಿವೃತ್ತರಾದ ಒಬ್ಬ ಶಾಲಾಮಾಸ್ತರರು. ಬಿಸಿಲಿನಲ್ಲಿ ತಿರುಗಿ ಒಂದೊಂದು ಬಾವಿಯ ಆಳ, ಮೆಟ್ಟಿಲುಗಳ ಎಣಿಕೆ, ಕಟ್ಟಿಸಿದವರ ಹೆಸರು ಎಲ್ಲವನ್ನೂ ಬರೆದುಕೊಂಡು ಬಂದಿದ್ದರು. ಅವರು ಈಗಿಲ್ಲ, ಅವರ ಮನೆಯಲ್ಲಿ ಕೇಳಿಸಿದೆವು, ಕೈಬರಹದ ಪ್ರತಿಯಿಲ್ಲ. ಆ ಬಾವಿಗಳಲ್ಲಿ ಕೆಲವು ಮುಚ್ಚಿಹೋಗಿವೆ. ನಮ್ಮ ವಾಚಕರಲ್ಲಿ ಯಾರಾದರೂ ಆ ಲೇಖನವನ್ನು ಆಗ ಅಚ್ಚು ಹಾಕಿಸಿ ಇಟ್ಟಿದ್ದರೆ, ಇಲ್ಲವೆ ತಮ್ಮ ಕಂಪ್ಯೂಟರಿನಲ್ಲಾಗಲಿ ಮೊಬೈಲಿನಲ್ಲಾಗಲಿ ಉಳಿಸಿಕೊಂಡಿದ್ದರೆ, ಅದರ ಪ್ರತಿಯನ್ನು ನಮ್ಮ ಕಚೇರಿಗೆ ದಯವಿಟ್ಟು ತಲುಪಿಸಬೇಕು. ಅಂಚೆಯ ವೆಚ್ಚವನ್ನು ನಾವು ಕೊಡುವೆವು.